ಚಿಕನ್ ಪಾಕ್ಸ್ ಮಕ್ಕಳ ರೋಗ ಅಂತ ಹೇಳಿದವರು ಯಾರು?

ನಾನು ಡಾಕ್ಟರಲ್ಲ. ಉಪ್ಪಳದ ಹತ್ತಿರ ಉಪ್ಪನ ದಿನಸಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಾ ಬೆಳೆದು, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಗಲ್ಫ್‌ಗೆ ಎ.ಸಿ. ರಿಪೇರಿ ಕೆಲಸಕ್ಕೆ ಹೋದವನು. ಆದರೂ ಈ ವಿಷಯ ಮಾತಾಡುವ ಹಕ್ಕು ನನಗಿದೆ. 31ನೇ ವಯಸ್ಸಿನಲ್ಲಿ ನನಗೆ ಚಿಕನ್ ಪಾಕ್ಸ್ ಬಂತು.

ರೂಮಿನಲ್ಲಿ ನಾವು ಆರು ಜನ. ಒಬ್ಬನ ಮೈಮೇಲೆ ಗುಳ್ಳೆ ಎದ್ದಿತು. ನನಗೇನೂ ಆಗಲಿಲ್ಲ ಅಂತ ನೆಮ್ಮದಿಯಿಂದ ಎರಡು ವಾರ ಕಳೆದು ರಜೆಗೆ ಊರಿಗೆ ಬಂದೆ. ಬಂದ ಮರುದಿನವೇ ಗುಳ್ಳೆ. ಮನೆಯಲ್ಲಿ ಹೆಂಡತಿ ಏಳು ತಿಂಗಳ ಗರ್ಭಿಣಿ. ಅವಳಿಗೆ ಚಿಕ್ಕಂದಿನಲ್ಲಿ ಬಂದಿತ್ತೋ ಇಲ್ಲವೋ, ಅವಳ ಉಮ್ಮನಿಗೂ ನೆನಪಿಲ್ಲ. ರಕ್ತ ಪರೀಕ್ಷೆಯ ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅವಳಿಗೆ ಹಿಂದೆಯೇ ಬಂದು ಹೋಗಿತ್ತು ಅಂತ ಗೊತ್ತಾಯಿತು, ಅಲ್‌ಹಮ್ದುಲಿಲ್ಲಾಹ್. ನನಗೆ ಮಾತ್ರ ನ್ಯುಮೋನಿಯಾಕ್ಕೆ ತಿರುಗಿ ಮಂಗಳೂರಿನ ಆಸ್ಪತ್ರೆಯಲ್ಲಿ ಎಂಟು ದಿನ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: "ಅದು ಮಕ್ಕಳ ರೋಗ ಅಲ್ವಾ?"

ಈ ಮಾತೇ ನಮ್ಮನ್ನು ಹಾಳು ಮಾಡುತ್ತಿರುವುದು. ಅಮೆರಿಕದಲ್ಲಿ ಲಸಿಕೆ ಬರುವ ಮೊದಲು ಚಿಕನ್ ಪಾಕ್ಸ್ ಬಂದವರಲ್ಲಿ ದೊಡ್ಡವರು ನೂರಕ್ಕೆ 5 ಮಾತ್ರ. ಸತ್ತವರಲ್ಲಿ ದೊಡ್ಡವರು ನೂರಕ್ಕೆ ಸುಮಾರು 35. ನಮ್ಮಂಥ ಸೆಕೆಯ ಊರುಗಳಲ್ಲಂತೂ ತುಂಬಾ ಜನರಿಗೆ ಬಾಲ್ಯದಲ್ಲಿ ಇದು ಬರುವುದೇ ಇಲ್ಲ, ದೊಡ್ಡವರಾದ ಮೇಲೆ ಬರುತ್ತದೆ. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ತಾಯಿಗೆ ಬಂದರೆ ಹುಟ್ಟಿದ ಮಗುವಿನ ಜೀವಕ್ಕೇ ಅಪಾಯ.

"ಒಮ್ಮೆ ಬಂದು ಹೋಗಲಿ, ಮತ್ತೆ ತೊಂದರೆ ಇಲ್ಲ" ಅನ್ನುವವರಿದ್ದಾರೆ. ಅದು ಹೋಗುವುದಿಲ್ಲ ಮಾರಾಯ್ರೆ! ವೈರಸ್ ನರಗಳಲ್ಲಿ ಅಡಗಿ ಕೂತು, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಎದ್ದು ಬರಬಹುದು.

"ರೋಗಿಯಿಂದ ದೂರ ಇದ್ದರೆ ಸಾಕು" ಅನ್ನುತ್ತಾರೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಹರಡುತ್ತದೆ. ವಿಮಾನ ನಿಲ್ದಾಣದಲ್ಲಿ ನಾನು ಎಲ್ಲರನ್ನೂ ತಬ್ಬಿಕೊಂಡಾಗ ನನ್ನ ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಬೇವಿನ ಎಲೆ, ನಂಜಿನ ಪಥ್ಯ ಎಲ್ಲ ಶುರುವಾಗುವುದು ಅದರ ನಂತರ.

"ಅಲ್ಲಾಹನ ಮೇಲೆ ಭರವಸೆ ಇಡಿ" ಅನ್ನುವ ಹಿರಿಯರಿಗೆ ಸಲಾಂ. ಆದರೆ ರಾತ್ರಿ ಅಂಗಡಿಗೆ ಬೀಗ ಹಾಕದೆ ಮನೆಗೆ ಹೋದವರು ನಮ್ಮಲ್ಲಿ ಯಾರಿದ್ದಾರೆ? ಬೀಗ ಹಾಕಿದರೆ ತವಕ್ಕುಲ್ ಕಡಿಮೆಯಾಗುವುದಿಲ್ಲವಾದರೆ, ಲಸಿಕೆ ಹಾಕಿದರೂ ಆಗುವುದಿಲ್ಲ.

ಹಲಾಲ್ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಉತ್ತರವೂ ಇದೆ. ವಾರಿವ್ಯಾಕ್ಸ್ ಎಂಬ ಲಸಿಕೆಯಲ್ಲಿ ಹಂದಿಯ ಜೆಲಾಟಿನ್ ಇದೆ, ವಾರಿಲ್ರಿಕ್ಸ್ ಎಂಬುದರಲ್ಲಿ ಇಲ್ಲ. ಹೆಸರು ಹೇಳಿ ಕೇಳಿ. ಮೂಲರೂಪ ಪೂರ್ತಿ ಬದಲಾದ ಇಂಥ ಜೆಲಾಟಿನ್ ಬಳಸಬಹುದು ಎಂದು 1995ರಲ್ಲಿ ಕುವೈತಿನಲ್ಲಿ ಸೇರಿದ ವಿದ್ವಾಂಸರೂ ಹೇಳಿದ್ದಾರೆ. ನೆಪ ಹುಡುಕುವವರಿಗೆ ಇನ್ನೇನು ಬೇಕು?

ಉಳಿದದ್ದು ದುಡ್ಡು. ಇದು ಸರಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಇರಬೇಕಿತ್ತು, ಅದನ್ನು ಜೋರಾಗಿಯೇ ಕೇಳೋಣ. ಅಲ್ಲಿವರೆಗೆ ಎರಡು ಡೋಸಿಗೆ ಕೆಲವು ಸಾವಿರ ನಮ್ಮ ಕೈಯಿಂದಲೇ. ಮದುವೆಯಲ್ಲಿ ಒಂದು ಮೇಜಿನಲ್ಲಿ ಉಳಿದು ಚೆಲ್ಲುವ ಬಿರಿಯಾನಿಯ ಲೆಕ್ಕ ಹಾಕಿ, ಆಮೇಲೆ ದುಬಾರಿ ಅನ್ನಿ. ನನ್ನ ಎಂಟು ದಿನದ ಆಸ್ಪತ್ರೆ ಬಿಲ್ಲಿನಲ್ಲಿ ಇಡೀ ರೂಮಿನವರಿಗೆ ಲಸಿಕೆ ಹಾಕಿಸಬಹುದಿತ್ತು. ಬೇರಿಂಗ್ ಸದ್ದು ಮಾಡುವ ಮೊದಲು ಗ್ರೀಸ್ ಹಾಕುವವನು ಬುದ್ಧಿವಂತ. ಮೋಟಾರ್ ಸುಟ್ಟ ಮೇಲೆ ನನ್ನನ್ನು ಕರೆಯುವವನು ಗಿರಾಕಿ ಅಷ್ಟೆ.

ಗಡಿನಾಡಿನವರಾದ ನಮಗೆ ಇನ್ನೊಂದು ಕಾರಣವೂ ಇದೆ. ನಮ್ಮ ದೊಡ್ಡ ಆಸ್ಪತ್ರೆಗಳೆಲ್ಲ ತಲಪಾಡಿಯ ಆಚೆ. 2020ರಲ್ಲಿ ಆ ರಸ್ತೆ ಮುಚ್ಚಿದಾಗ ಆಂಬುಲೆನ್ಸ್ ದಾಟಲಾಗದೆ ಕಾಸರಗೋಡಿನವರು ಪ್ರಾಣ ಬಿಟ್ಟದ್ದನ್ನು ಮರೆತಿದ್ದೀರಾ? ಗೇಟು ದಾಟಿದರೆ ಮಾತ್ರ ಸಿಗುವ ಚಿಕಿತ್ಸೆಗಿಂತ ಮೈಯೊಳಗೇ ಇರುವ ರಕ್ಷಣೆ ಮೇಲು.

ಮಾಡಬೇಕಾದದ್ದು ಇಷ್ಟೇ. ಚಿಕ್ಕಂದಿನಲ್ಲಿ ಬಂದಿತ್ತೋ ಎಂದು ಉಮ್ಮನಲ್ಲಿ ಕೇಳಿ. ಗೊತ್ತಿಲ್ಲದಿದ್ದರೆ ರಕ್ತ ಪರೀಕ್ಷೆ ಇದೆ. ಬಂದಿಲ್ಲವಾದರೆ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಎರಡು ಡೋಸ್, ಎರಡು ತಿಂಗಳ ರಜೆಯಲ್ಲಿ ಎರಡೂ ಮುಗಿಯುತ್ತವೆ. ಇದು ಜೀವಂತ ಲಸಿಕೆ, ಗರ್ಭಿಣಿಯರಿಗೆ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳಿಗೆ ನಿಕಾಹ್‌ಗೆ ಮೊದಲೇ ಹಾಕಿಸಿ. ಲಸಿಕೆಯ ನಂತರ ಗರ್ಭ ಧರಿಸಲು ಎಷ್ಟು ಸಮಯ ಬಿಡಬೇಕೆಂದು ಡಾಕ್ಟರಲ್ಲಿ ಕೇಳಿ. ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಕಾಯಬೇಡಿ. ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿದರೂ ಪ್ರಯೋಜನವಿದೆ.

ಜಮಾಅತ್ ಕಮಿಟಿಯವರಲ್ಲಿ ಒಂದು ಮಾತು. ಮಸೀದಿಗೆ ಹೊಸ ಎ.ಸಿ. ಬೇಕಾದಾಗ ಗಲ್ಫ್‌ನ ಹುಡುಗರಿಗೆ ಫೋನ್ ಮಾಡುತ್ತೀರಿ, ನಾವು ಕೊಡುತ್ತೇವೆ. ಈ ವರ್ಷ ಗಲ್ಫ್‌ಗೆ ಹೊರಟ ಹುಡುಗರಿಗೆ, ಮದುವೆ ಗೊತ್ತಾದ ಬಡ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಲು ಒಂದು ಫೋನ್ ಮಾಡಿ. ಮೊದಲ ಇಬ್ಬರ ಖರ್ಚು ನನ್ನದು.