ಇಂಗಾಲದ ಪೊರೆಯೂ ಖರೀದಿಯ ವಿವೇಕವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ನಮ್ಮಲ್ಲಿ ಎಳೆಯ ಮಕ್ಕಳೂ ಬಲ್ಲ ಮಾತು. ಕರ್ರಗಿರುವುದೆಲ್ಲ ಗ್ರಾಫೀನ್ ಅಲ್ಲವೆಂಬುದನ್ನು ಮಾತ್ರ ವಿದ್ಯಾವಂತರಿಗೂ ಹೇಳಬೇಕಾದ ಕಾಲವು ಬಂದೊದಗಿದೆ. ವಿದ್ಯುತ್ಕೋಶ, ಬಣ್ಣ, ವಾಹನಗಳಿಗೆ ಬಳಿಯುವ ಲೇಪ ಮೊದಲಾದ ನಾನಾ ಸರಕುಗಳು ಈ ಹೆಸರಿನ ಮುದ್ರೆಯನ್ನೊತ್ತಿಕೊಂಡು ಅಂಗಡಿಗೆ ಬರುತ್ತಿವೆ. ಪ್ರಯೋಗಶಾಲೆಗಳಿಗೂ ಕಾರ್ಖಾನೆಗಳಿಗೂ ಅದೇ ಹೆಸರಿನ ಪುಡಿ, ಅದೇ ಹೆಸರಿನ ಹಾಳೆ. ಈ ವಸ್ತುವಿನ ಮಹಿಮೆಯನ್ನು ಅಲ್ಲಗಳೆಯುವ ಉದ್ದೇಶವು ನಮಗೆ ಎಳ್ಳಷ್ಟೂ ಇಲ್ಲ. ಆ ಮಹಿಮೆಯು ಯಾವುದನ್ನು ಆಶ್ರಯಿಸಿದೆಯೆಂಬುದನ್ನು ಅರಿಯದೆ ಸಾರ್ವಜನಿಕರ ಹಣವನ್ನು ಎಣಿಸಿಕೊಡುವುದು ತರವಲ್ಲವೆಂಬುದಷ್ಟೇ ನಮ್ಮ ವಾದ.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟು ಇಂಗಾಲದ ಪದರಗಳ ರಾಶಿ. ಒಂದೊಂದು ಪದರದಲ್ಲಿಯೂ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಷಟ್ಕೋಣಗಳಾಗಿ ಹೆಣೆದುಕೊಂಡಿರುತ್ತವೆ. ಒಂದು ಮಿಲಿಮೀಟರು ದಪ್ಪದ ತುಂಡಿನಲ್ಲಿ ಇಂತಹ ಪದರಗಳು ಸುಮಾರು 30 ಲಕ್ಷ. ಅವುಗಳಲ್ಲಿ ಬಿಡಿಯಾದ ಒಂದು ಪದರವೇ ಗ್ರಾಫೀನ್. ಅದರಲ್ಲಿ ಎಲೆಕ್ಟ್ರಾನುಗಳು ಹೇಗೆ ವರ್ತಿಸಬೇಕೆಂಬುದನ್ನು ಪಿ. ಆರ್. ವ್ಯಾಲೇಸರು 1947ರಲ್ಲಿಯೇ ಕಾಗದದ ಮೇಲೆ ಗಣಿಸಿ ತೋರಿಸಿದ್ದರು. ಆದರೆ ಪದರವನ್ನು ಬಿಡಿಸಿ, ತಂತಿ ಜೋಡಿಸಿ, ವಿದ್ಯುತ್ತು ಹರಿಸಿ ನೋಡಿದ ವೃತ್ತಾಂತವು ಪ್ರಕಟವಾದುದು 2004ರಲ್ಲಿ. ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಎಂಬವರು ತಮ್ಮ ಸಂಗಡಿಗರೊಡನೆ ಸಾಧಿಸಿದ ಈ ಕಾರ್ಯಕ್ಕೆ ಬಳಸಿದ ಮುಖ್ಯ ಉಪಕರಣವು ಅಂಗಡಿಯಲ್ಲಿ ದೊರೆಯುವ ಅಂಟುಪಟ್ಟಿ! 2010ರ ನೊಬೆಲ್ ಪಾರಿತೋಷಕವು ಅವರಿಬ್ಬರಿಗೆ ಸಂದಿತು.

ವಿದ್ಯುದ್ಬಲದ ಸೆಳೆತಕ್ಕೆ ಎಲೆಕ್ಟ್ರಾನು ಎಷ್ಟು ಸರಾಗವಾಗಿ ಓಡುವುದೆಂಬುದಕ್ಕೆ ವಿಜ್ಞಾನಿಗಳಲ್ಲಿ ಒಂದು ಮಾನವುಂಟು. ಆ ಮಾನದಲ್ಲಿ ಸಿಲಿಕಾನಿಗೆ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 1,400. ಮ್ಯಾಂಚೆಸ್ಟರಿನ ಮೊದಲ ಪೊರೆಗಳಿಗೆ 10,000ದವರೆಗೆ. 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದವರು ಪೊರೆಯನ್ನು ಕೆಳಗೆ ಯಾವ ಆಧಾರವೂ ಇಲ್ಲದಂತೆ ಸೇತುವೆಯ ಹಾಗೆ ತೂಗಿಟ್ಟು ಅತಿಶೀತದಲ್ಲಿ ಅಳೆದಾಗ ಎರಡು ಲಕ್ಷವನ್ನು ಮೀರಿತು. ಇಲ್ಲಿ ವಾಚಕರು ಗಮನಿಸತಕ್ಕ ಅಂಶವೊಂದಿದೆ. ಕೇವಲ ತೂಗಿಟ್ಟುದರಿಂದಲೇ ಆ ಫಲವು ಲಭಿಸಲಿಲ್ಲ. ಪೊರೆಯಲ್ಲಿ ಬಲವಾದ ವಿದ್ಯುತ್ತನ್ನು ಹರಿಸಿ, ಕಾಯಿಸಿ, ಮೈಗಂಟಿದ ಕೊಳೆಯನ್ನು ಕಳೆದ ತರುವಾಯವೇ ಲಭಿಸಿತು. ಒಂದೇ ಪರಮಾಣುವಿನ ದಪ್ಪದ ವಸ್ತುವಿಗೆ ಒಳಗೆಂಬುದೇ ಇಲ್ಲ, ಇರುವುದೆಲ್ಲವೂ ಮೇಲ್ಮೈ. ಸೋಂಕಿದ ಪ್ರತಿಯೊಂದು ಕಲ್ಮಷವೂ, ಕೆಳಗೆ ಹಾಸಿದ ನೆಲದ ಪ್ರತಿಯೊಂದು ಒರಟೂ ಅದರ ಗುಣವನ್ನು ನೇರವಾಗಿ ಕೆಡಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಡುಬಂದ ಸಂಗತಿಯೂ ಇದನ್ನೇ ಸಾರುತ್ತದೆ. ಲೋಹಗಳಲ್ಲಿ ಶಾಖವೂ ವಿದ್ಯುತ್ತೂ ಜೊತೆಜೊತೆಯಾಗಿ ಹರಿಯುವುವೆಂಬುದು 1853ರಿಂದ ಬಂದ ನಿಯಮ. ಅತ್ಯಂತ ಶುದ್ಧವಾದ ಗ್ರಾಫೀನಿನಲ್ಲಿ, ಎಲೆಕ್ಟ್ರಾನುಗಳು ತೀರ ವಿರಳವಾಗುವ ಸ್ಥಿತಿಯಲ್ಲಿ, ಈ ನಿಯಮವು ಇನ್ನೂರು ಪಟ್ಟಿಗೂ ಮೀರಿ ಮುರಿದುಬೀಳುವುದೆಂದು ಅಲ್ಲಿಯ ಸಂಶೋಧಕರು 2025ರಲ್ಲಿ ಪ್ರಕಟಿಸಿದರು. ಒಂದು ಹೆಚ್ಚಿದಂತೆ ಮತ್ತೊಂದು ಕುಗ್ಗುತ್ತದೆ! ಈ ಕಾರ್ಯದಲ್ಲಿ ಜಪಾನಿನ ತ್ಸುಕುಬಾ ನಗರದ ವಿಜ್ಞಾನಿಗಳು ಸಹಭಾಗಿಗಳು. ಅವರು ಬೆಳೆಸುವ ಬೋರಾನ್ ನೈಟ್ರೈಡ್ ಹರಳು ಇಂತಹ ಪೊರೆಗೆ ಹಾಸಿಗೆಯಾಗಿ ಲೋಕದ ಹಲವು ಪ್ರಯೋಗಶಾಲೆಗಳಿಗೆ ಹೋಗುತ್ತದೆ. ನಯವಾದ ಹಾಸಿಗೆಯಿಲ್ಲದೆ ಈ ವಿಚಿತ್ರಗಳಾವುವೂ ಕಣ್ಣಿಗೆ ಬೀಳಲಾರವು.

ಇನ್ನು, ಗ್ರಾಫೀನ್ ಬಂದಿತೆಂದರೆ ಸಿಲಿಕಾನಿನ ಕಾಲ ಮುಗಿಯಿತೆಂದು ಸಾರುವವರಿಗೆ ಒಂದು ಮಾತು. ಲೆಕ್ಕ ಮಾಡುವ ಯಂತ್ರಕ್ಕೆ ಬೇಕಾದುದು ಬರಿಯ ವೇಗವಲ್ಲ, ನಿಲ್ಲಿಸೆಂದಾಗ ನಿಲ್ಲುವ ಗುಣವೂ ಬೇಕು. ಸಿಲಿಕಾನಿನಲ್ಲಿ ಎಲೆಕ್ಟ್ರಾನು ದಾಟಲೇಬೇಕಾದ ಶಕ್ತಿಯ ಕಂದಕವೊಂದಿದೆ. ಅದರ ದೆಸೆಯಿಂದ ಪ್ರವಾಹವನ್ನು ತಡೆದು ನಿಲ್ಲಿಸಬಹುದು. ಸಹಜವಾದ ಗ್ರಾಫೀನಿನಲ್ಲಿ ಆ ಕಂದಕವೇ ಇಲ್ಲ. ತೆರೆದ ಸ್ಥಿತಿಯ ಪ್ರವಾಹವು ಮುಚ್ಚಿದ ಸ್ಥಿತಿಯದರ ಹತ್ತು ಪಟ್ಟನ್ನು ಮುಟ್ಟುವುದೂ ಅಪರೂಪ. ಯಂತ್ರಕ್ಕೆ ಬೇಕಾದುದು ಕನಿಷ್ಠ 10,000 ಪಟ್ಟು. ಸಿಲಿಕಾನ್ ಕಾರ್ಬೈಡಿನ ಮೇಲೆ ಬೆಳೆಸಿದ ಪೊರೆಯಲ್ಲಿ ಕಂದಕವನ್ನು ಉಂಟುಮಾಡಿರುವುದಾಗಿ ಅಮೇರಿಕದ ಜಾರ್ಜಿಯಾ ಮತ್ತು ಚೀನದ ತಿಯಾನ್‌ಜಿನ್ ನಗರದ ಸಂಶೋಧಕರು 2024ರಲ್ಲಿ ತಿಳಿಸಿದರು. ಅದು ಸ್ವಾಗತಾರ್ಹವೇ ಸರಿ. ಹಾಳೆಯನ್ನು ಸುರುಳಿ ಸುತ್ತಿದಂತಿರುವ ನ್ಯಾನೋನಳಿಕೆಗಳ ಕಥೆ ಬೇರೆ. ಸುತ್ತಿನ ಓರೆಯನ್ನನುಸರಿಸಿ ಮೂರರಲ್ಲೊಂದು ಪಾಲು ಲೋಹದಂತೆಯೂ ಉಳಿದವು ಅರೆವಾಹಕದಂತೆಯೂ ವರ್ತಿಸುವುವು. 2019ರಲ್ಲಿ ಎಂ.ಐ.ಟಿ.ಯವರು 14,000ಕ್ಕೂ ಹೆಚ್ಚು ನಳಿಕೆ-ಟ್ರಾನ್ಸಿಸ್ಟರುಗಳಿಂದ ಒಂದು ಸಂಸ್ಕಾರಕವನ್ನೇ ಕಟ್ಟಿ ತೋರಿಸಿದರು. ಅಲ್ಲಿಯೂ ಮುಖ್ಯ ತೊಡಕು ಲೋಹಜಾತಿಯ ನಳಿಕೆಗಳ ಬೆರಕೆಯೇ.

ಈಗ ಮಾರುಕಟ್ಟೆಯತ್ತ ನೋಡೋಣ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಸಂಶೋಧಕರು ನಾನಾ ದೇಶಗಳ 60 ವ್ಯಾಪಾರಸಂಸ್ಥೆಗಳಿಂದ ಗ್ರಾಫೀನ್ ಪುಡಿಯ ಮಾದರಿಗಳನ್ನು ತರಿಸಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಬಹುಪಾಲು ಮಾದರಿಗಳಲ್ಲಿ ನಿಜವಾದ ಗ್ರಾಫೀನ್ ನೂರಕ್ಕೆ ಹತ್ತು ಪಾಲೂ ಇರಲಿಲ್ಲ. ಉಳಿದುದು ಹೆಚ್ಚಾಗಿ ಗ್ರಾಫೈಟಿನ ಸಣ್ಣ ಚಕ್ಕೆಗಳು. ಗ್ರಾಫೈಟಿಗೂ ಅದರದೇ ಆದ ಮರ್ಯಾದೆಯುಂಟು. ರಬ್ಬರನ್ನೋ ಗಾರೆಯನ್ನೋ ಬಲಪಡಿಸಲು ಆ ಪುಡಿಯೇ ಸಾಕಾದರೆ ಗ್ರಾಫೈಟೆಂದೇ ಹೇಳಿ ಗ್ರಾಫೈಟಿನ ಬೆಲೆಗೇ ಮಾರಲಿ. ಹತ್ತು ಪದರವನ್ನು ಮೀರಿದುದು ಕೆಲಪದರದ ಗ್ರಾಫೀನ್ ಎನಿಸಿಕೊಳ್ಳಲಾರದೆಂದು 2017ರ ಅಂತರರಾಷ್ಟ್ರೀಯ ಪರಿಭಾಷೆಯೇ ವಿಧಿಸಿದೆ. ಪುಡಿಯಲ್ಲಿಯ ಮೋಸವು ತೂಕದ ನಷ್ಟ ಮಾತ್ರವಾಗಬಹುದು. ವಿದ್ಯುತ್ತಿನ ಕೆಲಸಕ್ಕೆಂದು ಕೊಂಡ ಪೊರೆಯಲ್ಲಿಯ ಮೋಸದಿಂದ ತರುಣ ಸಂಶೋಧಕನೊಬ್ಬನ ವರ್ಷಗಟ್ಟಲೆಯ ದುಡಿಮೆ ಮಣ್ಣುಪಾಲಾಗುತ್ತದೆ. ತನ್ನ ಅಳತೆ ತಪ್ಪಿತೋ ಸರಕೇ ಕೆಟ್ಟಿತೋ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಪರೀಕ್ಷೆಯೇನೂ ದುಸ್ಸಾಧ್ಯವಲ್ಲ. ಸರ್ ಸಿ. ವಿ. ರಾಮನ್ನರು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಪರಿಣಾಮವೇ ಇದಕ್ಕೆ ಆಧಾರ. ಪೊರೆಯ ಮೇಲೆ ಬಿದ್ದು ಚದುರಿದ ಬೆಳಕಿನ ರೇಖೆಗಳಿಂದ ಪದರವು ಒಂದೋ ಹಲವೋ ಎಂಬುದನ್ನು ಗುರುತಿಸಬಹುದೆಂದು 2006ರಲ್ಲಿ ತೋರಿಸಲಾಯಿತು. ಹೆಣಿಗೆಯಲ್ಲಿ ಕುಂದಿದ್ದರೆ ಮತ್ತೊಂದು ರೇಖೆಯು ತಾನಾಗಿಯೇ ಎದ್ದು ಕಾಣುತ್ತದೆ. ಇದು ಕೆಲವು ನಿಮಿಷಗಳ ಕೆಲಸ. ಹೀಗಿರಲು, ಖರೀದಿಗೆ ಸಹಿ ಹಾಕುವ ಅಧಿಕಾರಿಗಳು ಟೆಂಡರಿನ ನಿಬಂಧನೆಗಳಲ್ಲಿ ಹೆಸರನ್ನಷ್ಟೇ ಬರೆದು ಸುಮ್ಮನಾಗಬಾರದು. ಪದರಗಳೆಷ್ಟು, ಹಾಳೆಯ ವಿದ್ಯುತ್‌ರೋಧವೆಷ್ಟು, ಎಲೆಕ್ಟ್ರಾನಿನ ಓಟವನ್ನು ಯಾವ ಆಧಾರದ ಮೇಲಿಟ್ಟು ಯಾವ ಉಷ್ಣತೆಯಲ್ಲಿ ಅಳೆಯಲಾಯಿತು ಎಂಬುದನ್ನು ಮಾರುವವನಿಂದ ಬರೆಯಿಸಿಕೊಳ್ಳಬೇಕು. ಬಂದ ಸರಕಿನಿಂದ ಮಾರುವವನು ಆರಿಸದ ಒಂದು ಚೂರನ್ನು ತೆಗೆದು ಬೇರೊಂದು ಪ್ರಯೋಗಶಾಲೆಗೆ ಕಳುಹಿಸಬೇಕು. ಆ ಪರೀಕ್ಷೆಯ ವರದಿ ಕೈಸೇರುವ ಮುನ್ನ ಬಿಲ್ಲಿಗೆ ಸಹಿ ಬೀಳಕೂಡದು. ಮಾಲು ಮಾತಿಗೆ ತಪ್ಪಿತೆಂದು ಕಂಡರೆ ಪರೀಕ್ಷೆಯ ವೆಚ್ಚವೂ ಮಾರಿದವನ ಲೆಕ್ಕಕ್ಕೇ ಹೋಗಲಿ.