ಹೆಚ್ಚು ಬಡ್ಡಿಯ ಸಾಲವನ್ನು ತೀರಿಸುವ ಕ್ರಮ

ರೈತನಿಗೆ ಸಾಲವು ಹೊಸತಲ್ಲ. ಬಿತ್ತನೆಯ ಕಾಲಕ್ಕೆ ಹಣ ಬೇಕು. ಹಣ ಬರುವುದು ಒಕ್ಕಣೆಯ ತರುವಾಯ. ಈ ನಡುವಿನ ನಾಲ್ಕೈದು ತಿಂಗಳುಗಳನ್ನು ಸಾಲವಿಲ್ಲದೆ ಕಳೆಯಬಲ್ಲ ಸಣ್ಣ ಹಿಡುವಳಿದಾರರು ವಿರಳ. ಆದುದರಿಂದ ಸಾಲ ಮಾಡಿದನೆಂದು ಯಾರನ್ನೂ ದೂಷಿಸುವುದು ನ್ಯಾಯವಲ್ಲ. ಇರುವ ಹಲವು ಸಾಲಗಳಲ್ಲಿ ಯಾವುದನ್ನು ಮೊದಲು ತೀರಿಸಬೇಕು ಎಂಬುದೇ ವಿಚಾರ ಮಾಡತಕ್ಕ ವಿಷಯ. ಈ ಒಂದು ಪ್ರಶ್ನೆಯಲ್ಲಿ ತಪ್ಪುವುದರಿಂದ ಎಷ್ಟೋ ಮನೆಗಳು ದುಡಿದೂ ಏಳಿಗೆ ಹೊಂದದೆ ಉಳಿದಿವೆ.

ನ್ಯಾಮತಿ ತಾಲ್ಲೂಕಿನ ಸವಳಂಗವು ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ಹಾದಿಯಲ್ಲಿರುವ ಊರು. ಸುತ್ತಲಿನ ಖುಷ್ಕಿ ಜಮೀನುಗಳಲ್ಲಿ ಮೆಕ್ಕೆಜೋಳವೇ ಮುಖ್ಯವಾದ ಬೆಳೆ. ನೀರಿನ ಅನುಕೂಲವಿರುವ ಕಡೆ ಅಡಿಕೆಯೂ ಭತ್ತವೂ ಉಂಟು. ಮುಂಗಾರಿನಲ್ಲಿ ಬಿತ್ತಿದ ಜೋಳವು ದೀಪಾವಳಿಯ ಹೊತ್ತಿಗೆ ಕೈಸೇರುತ್ತದೆ. ಎರಡೆಕರೆ ಖುಷ್ಕಿಯನ್ನೇ ನಂಬಿದ ಮನೆಗೆ ಇಡುಗಂಟಾಗಿ ಹಣ ಬರುವುದು ವರ್ಷಕ್ಕೆ ಒಂದು ಸಲ ಮಾತ್ರ. ಸಾಲವಾದರೋ ನಾಲ್ಕು ಬಗೆಯದಿರಬಹುದು: ಸಹಕಾರ ಸಂಘದ ಬೆಳೆಸಾಲ, ಮೈಕ್ರೋಫೈನಾನ್ಸಿನ ಕಂತಿನ ಸಾಲ, ಊರಿನ ಲೇವಾದೇವಿಗಾರನ ಕೈಸಾಲ, ಮತ್ತು ನೆಂಟರಿಂದ ಬಡ್ಡಿಯಿಲ್ಲದೆ ತಂದ ಹಣ.

ಇವುಗಳಲ್ಲಿ ಕೈಸಾಲದ ಭಾರವು ಮಾತಿನಲ್ಲಿ ಮರೆಯಾಗಿರುತ್ತದೆ. “ನೂರಕ್ಕೆ ಮೂರು ರೂಪಾಯಿ” ಎಂದರೆ ಕಿವಿಗೆ ಅಲ್ಪವಾಗಿ ಕೇಳುತ್ತದೆ. ಅದು ತಿಂಗಳ ಲೆಕ್ಕ. ವರ್ಷಕ್ಕೆ ಶೇಕಡಾ 36 ಆಗುತ್ತದೆ. ನಿದರ್ಶನಕ್ಕೆ, ಒಬ್ಬ ರೈತನು ಈ ದರದಲ್ಲಿ 40,000 ರೂಪಾಯಿ ತಂದನೆಂದು ಇಟ್ಟುಕೊಳ್ಳಬಹುದು. ತಿಂಗಳ ಬಡ್ಡಿ 1,200 ರೂಪಾಯಿ. ಬಡ್ಡಿಯನ್ನಷ್ಟೇ ತಪ್ಪದೆ ಕೊಡುತ್ತ ಬಂದರೆ 34 ತಿಂಗಳುಗಳಲ್ಲಿ ತಂದುದಕ್ಕಿಂತ ಹೆಚ್ಚು ಕೊಟ್ಟಂತಾಗುತ್ತದೆ. ಅಸಲು ಮಾತ್ರ ಒಂದು ರೂಪಾಯಿಯೂ ಕರಗಿರುವುದಿಲ್ಲ. ಅದೇ ರೈತನು ತಿಂಗಳಿಗೆ 2,000 ರೂಪಾಯಿ ಕೊಟ್ಟು, ಹೆಚ್ಚಿನ 800 ರೂಪಾಯಿಗಳನ್ನು ಅಸಲಿಗೆ ಜಮಾ ಮಾಡಿಸಿದರೆ, 31 ಕಂತುಗಳಲ್ಲಿ ಸಾಲವು ಪೂರ್ತಿಯಾಗಿ ತೀರುತ್ತದೆ.

ಇನ್ನು ಸುಗ್ಗಿಯ ಹಣದ ವಿಚಾರ. ಜೋಳ ಮಾರಿ, ಖರ್ಚು ಕಳೆದು, ಆ ರೈತನ ಕೈಯಲ್ಲಿ 20,000 ರೂಪಾಯಿ ಉಳಿಯಿತು. ಭಾವಮೈದುನನಿಗೆ ಕೊಡಬೇಕಾದ ಬಡ್ಡಿಯಿಲ್ಲದ ಹಣವೂ ಅಷ್ಟೇ ಇದೆ. ಹಬ್ಬಕ್ಕೆ ಮುಖ ತೋರಿಸಬೇಕೆಂಬ ಸಂಕೋಚದಿಂದ ಆ ಹಣವನ್ನು ನೆಂಟನಿಗೆ ಕೊಡುವುದು ವಾಡಿಕೆ. ಮರ್ಯಾದೆ ಉಳಿಯುತ್ತದೆ; ಆದರೆ 40,000ದ ಕೈಸಾಲ ಹಾಗೆಯೇ ನಿಲ್ಲುತ್ತದೆ, ತಿಂಗಳ ಕಂತುಗಳಲ್ಲೇ ತೀರಿಸಹೊರಟರೆ ಒಟ್ಟು 62,000 ರೂಪಾಯಿ ಹೋಗುತ್ತದೆ. ಆ 20,000ವನ್ನು ಕೈಸಾಲದ ಅಸಲಿಗೆ ಕಟ್ಟಿ, ತಿಂಗಳಿಗೆ 2,000ದಂತೆ ಮುಂದುವರಿಸಿದರೆ ಸುಮಾರು ಒಂದು ವರ್ಷದಲ್ಲೇ ಸಾಲ ತೀರುತ್ತದೆ. ಒಟ್ಟು ಸಲ್ಲುವುದು 44,000ಕ್ಕೆ ಸ್ವಲ್ಪ ಹೆಚ್ಚು. ಮರುವರ್ಷದ ಸುಗ್ಗಿಯ ಹಣವು ನೆಂಟನದಾಗುತ್ತದೆ. ಆದುದರಿಂದ ನೆಂಟನ ಮನೆಗೆ ಹೋಗಿ ಲೆಕ್ಕವನ್ನು ಬಿಚ್ಚಿ ಹೇಳಿ, ಒಂದು ವರ್ಷದ ವಾಯಿದೆಯನ್ನು ಕೇಳಿಕೊಳ್ಳುವುದೇ ಯುಕ್ತವಾದ ದಾರಿ. ಒಂದು ಗಳಿಗೆಯ ಸಂಕೋಚಕ್ಕಾಗಿ ಹದಿನೆಂಟು ಸಾವಿರ ರೂಪಾಯಿ ತೆರುವುದು ಬಡವನಿಗೆ ಸಲ್ಲದು.

ಹಾಗೆಂದು ಉಳಿದ ಸಾಲಗಳನ್ನು ಕಡೆಗಣಿಸತಕ್ಕದ್ದಲ್ಲ. ಸಹಕಾರ ಸಂಘದ ಬೆಳೆಸಾಲವು ಗಡುವಿನೊಳಗೆ ತೀರಿಸಿದವರಿಗೆ ಮಾತ್ರ ಬಡ್ಡಿರಹಿತ. 2023ರ ರಾಜ್ಯ ಆಯವ್ಯಯದಲ್ಲಿ ಇದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಗಡುವು ತಪ್ಪಿದರೆ ರಿಯಾಯಿತಿಯೂ ತಪ್ಪುತ್ತದೆ. ಆದುದರಿಂದ ಜೋಳದ ದುಡ್ಡು ಬಂದ ದಿನವೇ ಸಂಘದ ಮೊತ್ತವನ್ನು ಬೇರೆಯಾಗಿ ತೆಗೆದಿಡಬೇಕು. ಗಡುವಿನ ದಿನ ಲೇವಾದೇವಿಗಾರನಲ್ಲಿ ತಂದು ಸಂಘಕ್ಕೆ ಕಟ್ಟಿ, ಹೊಸ ಸಾಲ ಬಂದ ಮೇಲೆ ಅವನಿಗೆ ಬಡ್ಡಿಸಮೇತ ಹಿಂದಿರುಗಿಸುವ ಪದ್ಧತಿಯಿಂದ ಬಡ್ಡಿರಹಿತ ಸಾಲಕ್ಕೂ ಬಡ್ಡಿ ಬೀಳುತ್ತದೆ. ಮೈಕ್ರೋಫೈನಾನ್ಸಿನ ಕಂತನ್ನೂ ತಪ್ಪಿಸಬಾರದು. ತಪ್ಪಿದರೆ ಗುಂಪಿನ ನೆರೆಹೊರೆಯವರ ಮೇಲೆ ಹೊರೆ ಬೀಳುತ್ತದೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಇಂಥ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ವಿಧಿಸಕೂಡದು. ಕೈಸಾಲ ತೀರಿದ ಮೇಲೆ ಈ ಸಾಲದ ಸರದಿ. ಇವೆರಡಕ್ಕೂ ಸಲ್ಲಬೇಕಾದುದನ್ನು ಸಲ್ಲಿಸಿ ಮಿಕ್ಕ ಹಣವನ್ನೆಲ್ಲ, ಎಲ್ಲರಿಗೂ ಹಂಚದೆ, ಅತ್ಯಂತ ಹೆಚ್ಚು ಬಡ್ಡಿಯ ಸಾಲಕ್ಕೆ ಕಟ್ಟತಕ್ಕದ್ದು.

ಚಿಕ್ಕ ಸಾಲಗಳನ್ನು ಮೊದಲು ತೀರಿಸಿದರೆ ಧೈರ್ಯ ಬರುತ್ತದೆಂದು ಕೆಲವರ ವಾದ. ಬಡ್ಡಿಯ ದರಗಳು ಹೆಚ್ಚುಕಡಮೆ ಸಮವಾಗಿದ್ದಲ್ಲಿ ಈ ವಾದವು ಒಪ್ಪತಕ್ಕದ್ದೇ. ಒಂದು ಸಾಲಕ್ಕೆ ಬಡ್ಡಿಯೇ ಇಲ್ಲದೆ ಇನ್ನೊಂದಕ್ಕೆ ಶೇಕಡಾ 36 ಇರುವಾಗ ಇದು ಸಲ್ಲುವುದಿಲ್ಲ.

ತಿಂಗಳ 800 ರೂಪಾಯಿ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಸಹಜ. ಜೋಳದಿಂದ ಬಾರದು. ಬಡ್ಡಿಯು ತಿಂಗಳುತಿಂಗಳೂ ಏರತಕ್ಕದ್ದಾದ ಕಾರಣ ಅದನ್ನು ತಿಂಗಳುತಿಂಗಳೂ ಬರುವ ಆದಾಯದಿಂದಲೇ ಎದುರಿಸಬೇಕು. ಹಾಲಿನ ಡೈರಿಯ ಬಟವಾಡೆ, ಅಡಿಕೆ ಸುಲಿಯುವ ಕೂಲಿ, ಕೋಳಿ, ಹಿತ್ತಿಲ ತರಕಾರಿ ಇವುಗಳಲ್ಲಿ ಯಾವುದಾದರೊಂದನ್ನು ಸಾಲಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಮಕ್ಕಳ ಊಟವನ್ನೂ ಬಿತ್ತನೆ ಬೀಜದ ಹಣವನ್ನೂ ಕಡಿದು ಸಾಲ ತೀರಿಸಹೊರಡುವುದು ಮಾತ್ರ ತಪ್ಪು. ಅಂಥವನು ಮುಂಗಾರಿಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಗುತ್ತದೆ.

ಅಸಲಿಗೆ ಕಟ್ಟಿದ ಪ್ರತಿಯೊಂದು ಮೊತ್ತವನ್ನೂ ಪುಸ್ತಕದಲ್ಲಿ ಬರೆಯಿಸಿ ರುಜು ಪಡೆಯಬೇಕು. ಸಾಲ ತೀರಿದ ದಿನವೇ ಪ್ರಾಮಿಸರಿ ನೋಟನ್ನೂ ಖಾಲಿ ಚೆಕ್ಕನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕು. ಬಿಡಿಬಿಡಿಯಾಗಿ ಅಸಲು ಕಟ್ಟಿಸಿಕೊಳ್ಳಲು ಒಪ್ಪದ ಲೇವಾದೇವಿಗಾರರೂ ಉಂಟು. ಅಂಥಲ್ಲಿ ಹಣವನ್ನು ಅಂಚೆಕಚೇರಿಯ ಉಳಿತಾಯ ಖಾತೆಯಲ್ಲಿ ಕೂಡಿಟ್ಟು ಇಡಿಯಾಗಿ ಕಟ್ಟಬಹುದು. ಅಥವಾ ಮನೆಯಲ್ಲಿ ಒಡವೆಯಿದ್ದರೆ ಬ್ಯಾಂಕಿನಲ್ಲಿ ಕಡಮೆ ಬಡ್ಡಿಗೆ ಅಡವಿಟ್ಟು ಕೈಸಾಲವನ್ನು ಒಮ್ಮೆಲೇ ಹರಿಯಬಹುದು. ಹೀಗೆ ಹರಿದ ಮೇಲೆ ಒಡವೆ ಬಿಡಿಸುವವರೆಗೆ ಹೊಸ ಕೈಸಾಲವನ್ನು ಮಾಡತಕ್ಕದ್ದಲ್ಲ.

ಕಾನೂನಿನ ಬಲವೂ ರೈತನಿಗೆ ಇಲ್ಲದಿಲ್ಲ. 1961ರ ಲೇವಾದೇವಿಗಾರರ ಅಧಿನಿಯಮದಡಿ ಅಡಮಾನವಿಲ್ಲದ ಸಾಲಕ್ಕೆ ನಿಗದಿಯಾದ ಗರಿಷ್ಠ ದರವು ವರ್ಷಕ್ಕೆ ಶೇಕಡಾ 16. ಅದನ್ನು ಮೀರಿದ ವಸೂಲಿಯನ್ನು 2004ರ ಅಧಿನಿಯಮವು ಅಪರಾಧವೆಂದು ಹೇಳುತ್ತದೆ. ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ಇನ್ನೊಂದು ಕಾನೂನು ಬಂದಿದೆ. ಆದರೂ ದೂರು ಕೊಡುವವರು ಕಡಮೆ. ನಡುರಾತ್ರಿಯಲ್ಲಿ ಹೆರಿಗೆಗೋ ಹಾವು ಕಚ್ಚಿದುದಕ್ಕೋ ಹಣ ಬೇಕಾದಾಗ ಬಾಗಿಲು ತೆರೆಯುವವನು ಆ ಲೇವಾದೇವಿಗಾರನೇ. ಅವನನ್ನು ಬೈದು ಫಲವಿಲ್ಲ. ಆ ಹೊತ್ತಿನಲ್ಲಿ ತೆರೆಯುವ ಇನ್ನೊಂದು ಬಾಗಿಲು ಊರಿನಲ್ಲಿರಬೇಕು.

ಸಹಕಾರ ಸಂಘಗಳು ಹುಟ್ಟಿದುದೇ ಇದಕ್ಕಾಗಿ. ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಂಘವು ಸ್ಥಾಪಿತವಾಯಿತು. ಆದರೂ 1951-52ರ ಅಖಿಲ ಭಾರತ ಗ್ರಾಮೀಣ ಸಾಲದ ಪರಿಶೀಲನೆಯಲ್ಲಿ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ ಕಂಡುಬಂದಿತು. ಅಂದಿನಿಂದ ಬೆಳೆಸಾಲವು ಬಹಳ ವಿಸ್ತರಿಸಿದೆ. ಪೈರಿಗೆ ಸಾಲ ದೊರೆಯುತ್ತದೆ. ಕಾಯಿಲೆಗೆ ದೊರೆಯುವುದು ಕಷ್ಟ. ಸಂಘದ ಆಡಳಿತ ಮಂಡಲಿಗಳು ಕಾಲಕ್ಕೆ ಸರಿಯಾಗಿ ಸಾಲ ತೀರಿಸುವ ಸದಸ್ಯರಿಗಾದರೂ ಐದು ಹತ್ತು ಸಾವಿರದ ತುರ್ತು ಸಾಲವನ್ನು ಪಹಣಿ, ಜಾಮೀನುಗಳ ತೊಡಕಿಲ್ಲದೆ ಅಂದೇ ಕೊಡುವ ಏರ್ಪಾಡು ಮಾಡಿದರೆ ಮಹದುಪಕಾರವಾಗುತ್ತದೆ. ಅದಾಗುವವರೆಗೆ ಮಹಿಳೆಯರ ಸ್ವಸಹಾಯ ಸಂಘದ ಉಳಿತಾಯವೇ ಹತ್ತಿರದ ಆಸರೆ.

ಈ ಸಲ ಜೋಳದ ಚೀಲಗಳು ಮಾರುಕಟ್ಟೆಗೆ ಹೊರಡುವ ಮುನ್ನ, ಪ್ರತಿಯೊಂದು ಮನೆಯಲ್ಲಿಯೂ ಗಂಡಹೆಂಡಿರು ಕುಳಿತು ಎಲ್ಲ ಸಾಲಗಳನ್ನೂ ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ವರ್ಷದ ಬಡ್ಡಿಯನ್ನು ಕಾಣಿಸುವುದು ಅಗತ್ಯ. ಓದಬಲ್ಲ ಮಕ್ಕಳಿಂದ ಗುಣಾಕಾರ ಮಾಡಿಸಬಹುದು. ಚೀಲ ಮಾರಿದ ಹಣವು ಕೈಗೆ ಬಂದಾಗ ಆ ಹಾಳೆಯನ್ನು ನೋಡಿ ಹಂಚತಕ್ಕದ್ದೇ ಹೊರತು, ಅಂದು ಜಗಲಿಯ ಮೇಲೆ ಬಂದು ಕುಳಿತವರನ್ನು ನೋಡಿ ಹಂಚತಕ್ಕದ್ದಲ್ಲ.