ವೇಗದ ಹುಡುಗನ ಗುತ್ತಿಗೆ ಎಷ್ಟು ವರ್ಷಕ್ಕೆ?

(ಕ್ಯಾಪ್ಷನ್ ಉದ್ದ ಆಯ್ತು. ನಾಲ್ಕು ಭಾಗ ಮಾಡಿದೀನಿ, ಉಳಿದದ್ದು ಮುಂದಿನ ಪೋಸ್ಟ್‌ಗಳಲ್ಲಿ.)

1/4

ಫೋಟೋದಲ್ಲಿ ಕಾಣ್ತಿರೋದು ಆಲೂರು ಕಡೆಯ ಒಂದು ಮೈದಾನ. ಒಂದು ಬದಿ ಕಾಫಿ ತೋಟದ ಬೇಲಿ, ಇನ್ನೊಂದು ಬದಿ ಗದ್ದೆ. ಸಿಕ್ಸ್ ಹೊಡೆದ್ರೆ ಬಾಲ್ ತೋಟದೊಳಗೆ. ಆನೆ ಇದೆ ಅಂತ ಮೆಸೇಜ್ ಬಂದ ದಿನ ಯಾರೂ ಹುಡುಕೋಕೆ ಹೋಗಲ್ಲ, ಹೊಸ ಬಾಲ್ ತೆಗೀತಾರೆ ಅಷ್ಟೇ.

ಎರಡು ವರ್ಷದ ಹಿಂದೆ ಇಲ್ಲೊಬ್ಬ ಹುಡುಗ ಬೌಲಿಂಗ್ ಮಾಡ್ತಿದ್ದ. ಹತ್ತೊಂಬತ್ತು ವಯಸ್ಸು. ಟೆನಿಸ್ ಬಾಲ್ ಆದರೂ ಕೀಪರ್ ಹಿಂದೆ ಹೋಗಿ ನಿಲ್ಲಬೇಕಿತ್ತು. ನಮ್ಮ ಲೀಗಿನ ಹರಾಜಿನಲ್ಲಿ ಆ ಸಂಜೆಯ ಅತಿ ದೊಡ್ಡ ಬೆಲೆ ಅವನಿಗೇ ಬಿತ್ತು. ಹಾರ, ಪಟಾಕಿ, ಸ್ಟೇಟಸ್, ಎಲ್ಲಾ ಆಯ್ತು. ಎರಡು ದಿನದಲ್ಲಿ ಐದು ಮ್ಯಾಚ್ ಆಡಿಸಿದ್ರು. ಮುಂದಿನ ವರ್ಷದ ಹೊತ್ತಿಗೆ ಅವನಿಗೆ ಬಲಗೈ ತಲೆ ಮೇಲೆ ಎತ್ತೋಕೆ ಆಗ್ತಿರಲಿಲ್ಲ. ಹರಾಜಿನ ಪಟ್ಟಿಯಲ್ಲಿ ಹೆಸರಿತ್ತು, ಕೂಗಿದ್ರು, ಯಾರೂ ಬೋರ್ಡ್ ಎತ್ತಲಿಲ್ಲ.

ಅವನ ಅಪ್ಪ ತೋಟದಲ್ಲಿ ಕೆಲಸ ಮಾಡೋರು. ಸಂತೆ ದಿನ ಸಿಕ್ಕಿದಾಗ ಕೇಳಿದ್ರು: "ಅಣ್ಣ, ಸ್ಕ್ಯಾನಿಂಗ್ ದುಡ್ಡು ಯಾರು ಕೊಡಬೇಕಿತ್ತು? ಆಡಿಸ್ದೋರಾ, ನಾವಾ?"

ಆ ಲೀಗಿನಲ್ಲಿ ಸ್ಕೋರ್ ಬರೆದವನು ನಾನು. ಐದು ಮ್ಯಾಚಿನ ಪುಸ್ತಕ ಈಗಲೂ ನನ್ನ ಹತ್ರಾನೇ ಇದೆ. ಉತ್ತರ ಇರಲಿಲ್ಲ.

2/4

ಈಗ ಸ್ವಲ್ಪ ದೂರ ಹೋಗೋಣ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನಮ್ಮ ಫಾಸ್ಟ್ ಬೌಲರ್ ಇದ್ದ ಹಾಗೆ ಪಿಚರ್ ಇರ್ತಾನೆ. ಅವನ ಸಂಕಟಾನೂ ಅದೇ: ವೇಗ ಜಾಸ್ತಿ ಆದಷ್ಟೂ ಮೊಣಕೈ, ಭುಜಕ್ಕೆ ಆಯಸ್ಸು ಕಮ್ಮಿ. ಅಲ್ಲಿ ಹೊಸ ಆಟಗಾರ ಸುಮಾರು ಆರು ವರ್ಷ ಒಂದೇ ತಂಡದ ಹಿಡಿತದಲ್ಲಿ ಇರ್ತಾನೆ, ಮೊದಲ ಮೂರು ವರ್ಷ ಹೆಚ್ಚೂಕಮ್ಮಿ ಕನಿಷ್ಠ ಸಂಬಳ. ಹಾಗಾಗಿ ಕೆಲವು ತಂಡಗಳು ಹುಡುಗ ಹೊಳೆದ ತಕ್ಷಣ ಉದ್ದದ ಒಪ್ಪಂದ ಮುಂದಿಡ್ತಾವೆ.

ಅಟ್ಲಾಂಟಾ ಬ್ರೇವ್ಸ್ ತಂಡ 2022ರ ಅಕ್ಟೋಬರ್‌ನಲ್ಲಿ ಸ್ಪೆನ್ಸರ್ ಸ್ಟ್ರೈಡರ್ ಅನ್ನೋ 23ರ ಹುಡುಗನಿಗೆ ಆರು ವರ್ಷಕ್ಕೆ 7.5 ಕೋಟಿ ಡಾಲರ್ ಬರೆದುಕೊಡ್ತು. ನಮ್ಮ ಲೆಕ್ಕದಲ್ಲಿ ₹600 ಕೋಟಿ ದಾಟುತ್ತೆ. ಏಳನೇ ವರ್ಷ ಬೇಕೋ ಬೇಡವೋ ಅನ್ನೋದು ತಂಡದ ಇಷ್ಟ. ಮರುವರ್ಷ ಅವನು 20 ಪಂದ್ಯ ಗೆದ್ದ, 281 ಸ್ಟ್ರೈಕ್‌ಔಟ್. ಎಲ್ಲರೂ ಅಂದಿದ್ದು: ಅಯ್ಯೋ, ಅಗ್ಗಕ್ಕೆ ಸಹಿ ಹಾಕಿಬಿಟ್ಟ! 2024ರ ಏಪ್ರಿಲ್‌ನಲ್ಲಿ ಮೊಣಕೈ ಆಪರೇಷನ್, ಆ ವರ್ಷ ಪೂರ್ತಿ ಮನೇಲಿ. ಆದರೆ ಸಂಬಳ ನಿಲ್ಲಲಿಲ್ಲ. ಅಲ್ಲಿ ಬರೆದ ದುಡ್ಡು ಬರೆದ ಹಾಗೇ ಬರಬೇಕು.

ನಮ್ಮ ಕಡೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮೆಣಸಿನ ಗುತ್ತಿಗೆ ಗೊತ್ತಲ್ಲ? ಮುಂಗಾರಲ್ಲಿ ಬಳ್ಳಿ ತೆನೆ ಬಿಟ್ಟಾಗಲೇ ವ್ಯಾಪಾರಿ ಬಂದು ತೋಟ ಸುತ್ತಿ ಒಂದು ಬೆಲೆ ಹೇಳ್ತಾನೆ. ಒಪ್ಪಿದ್ರೆ ಕೈಗೆ ಈಗಲೇ ದುಡ್ಡು, ಕೊಯ್ಲಿನಲ್ಲಿ ರೇಟ್ ಏರಿದ್ರೆ ಹೊಟ್ಟೆ ಉರಿ. ಒಪ್ಪದೆ ಕಾದ್ರೆ, ಮಧ್ಯ ಸೊರಗು ರೋಗ ಬಂದು ಬಳ್ಳಿ ವಾರದಲ್ಲೇ ಎಲೆ ಉದುರಿಸಿ ನಿಂತಿರುತ್ತೆ. ಎರಡೂ ಮಾಡಿದೋರು ನಮ್ಮಲ್ಲಿ ಇದ್ದಾರೆ, ಇಬ್ಬರೂ ಬೈಕೊಂಡೇ ಇರ್ತಾರೆ.

ಒಂದು ಮಾತ್ರ ಮರೀಬೇಡಿ. ಸ್ಕೂಲ್ ಫೀಸ್ ಕಟ್ಟೋ ಜೂನ್ ತಿಂಗಳಲ್ಲಿ ಗುತ್ತಿಗೆ ಬರೆದುಕೊಟ್ಟೋನಿಗೆ ಯಾವತ್ತೂ ಒಳ್ಳೇ ಬೆಲೆ ಸಿಕ್ಕಿಲ್ಲ. ಅದೇ ಬ್ರೇವ್ಸ್ ತಂಡದ ಓಝಿ ಆಲ್ಬೀಸ್, ಪಿಚರ್ ಅಲ್ಲ, 2019ರಲ್ಲಿ 22ನೇ ವಯಸ್ಸಿಗೆ ಏಳು ವರ್ಷಕ್ಕೆ 3.5 ಕೋಟಿ ಡಾಲರ್‌ಗೆ ಸಹಿ ಹಾಕಿದಾಗ ತಂಡ ಅವನನ್ನ ಸುಲಿದುಕೊಳ್ತು ಅಂತ ಅಲ್ಲಿಯ ಬರಹಗಾರರೇ ಬರೆದ್ರು. ಉದ್ದದ ಗುತ್ತಿಗೆ ಅಂದ ಮಾತ್ರಕ್ಕೆ ಧರ್ಮದ ಗುತ್ತಿಗೆ ಅಂತಲ್ಲ.

3/4

ಈಗ ನಮ್ಮ ಜಿಲ್ಲೆಗೆ ಬನ್ನಿ. ಜಾವಗಲ್ ಅನ್ನೋ ಊರಿನ ಹೆಸರನ್ನ ಪ್ರಪಂಚಕ್ಕೆಲ್ಲ ಗೊತ್ತು ಮಾಡಿದ ಶ್ರೀನಾಥ್ ಹುಟ್ಟಿದ್ದು ಮೈಸೂರು, ಮೂಲ ನಮ್ಮ ಅರಸೀಕೆರೆ ತಾಲ್ಲೂಕು. 1997ರಲ್ಲಿ ಭುಜ ಹೋಯ್ತು, ಆಪರೇಷನ್ ಆಯ್ತು. ಮುಗೀತು ಅಂದೋರು ಬಹಳ ಜನ. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್. ಮುಗಿಸಿದಾಗ 67 ಟೆಸ್ಟ್, 236 ವಿಕೆಟ್. ಅವರು ಆಡಿದ ಬಹುಪಾಲು ವರ್ಷಗಳಲ್ಲಿ ಮಂಡಳಿಯ ಕೇಂದ್ರ ಗುತ್ತಿಗೆ ಅನ್ನೋದೇ ಇರಲಿಲ್ಲ ಅನ್ನೋದು ನೆನಪಿರಲಿ.

ಅರಸೀಕೆರೆಯಲ್ಲೇ ಹುಟ್ಟಿದ ಡೇವಿಡ್ ಜಾನ್ಸನ್ 1996ರಲ್ಲಿ ಎರಡು ಟೆಸ್ಟ್ ಆಡಿದರು. ಅವರ ವೇಗ ಕಂಡವರು ಇವತ್ತಿಗೂ ಅದರ ಮಾತಾಡ್ತಾರೆ. ಎರಡೇ ಟೆಸ್ಟ್. ಆಮೇಲೆ ಕರೆಯಲಿಲ್ಲ. 2024ರ ಜೂನ್‌ನಲ್ಲಿ ತೀರಿಕೊಂಡಾಗ ವಯಸ್ಸು 52.

ಕಾಲ ಬದಲಾಗಿಲ್ಲ ಅಂತ ಹೇಳಲ್ಲ. 2024ರ ಫೆಬ್ರವರಿಯಲ್ಲಿ ಬಿಸಿಸಿಐ ಮೊದಲ ಸಲ ವೇಗಿಗಳಿಗೇ ಅಂತ ಪ್ರತ್ಯೇಕ ಗುತ್ತಿಗೆಗೆ ಐದು ಹೆಸರು ಹೇಳಿತು. ಐದರಲ್ಲಿ ಇಬ್ಬರು ನಮ್ಮವರು: ವೈಶಾಖ್ ವಿಜಯ್‌ಕುಮಾರ್ ಮತ್ತು ಕೊಡಗಿನ ವಿದ್ವತ್ ಕಾವೇರಪ್ಪ. ವಿದ್ವತ್ 2023ರ ದುಲೀಪ್ ಫೈನಲ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ 7 ವಿಕೆಟ್ ತೆಗೆದ ಹುಡುಗ. ನಮ್ಮ ಹಾಗೇ ಕಾಫಿ ನಾಡಿನೋನು ಅಂತ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಕೋತೀನಿ.

ಒಳ್ಳೇ ಹೆಜ್ಜೆ. ಆದರೆ ಮಂಡಳಿಯ ಗುತ್ತಿಗೆ ಅಂದರೆ ವರ್ಷದ ಲೆಕ್ಕ. ಬೌಲರ್‌ನ ಬೆನ್ನು ವರ್ಷದ ಲೆಕ್ಕದಲ್ಲಿ ವಾಸಿ ಆಗಲ್ಲ. ಪ್ರಸಿದ್ಧ್ ಕೃಷ್ಣನ್ನ ನೋಡಿ. ಬೆನ್ನಿನ ಮೂಳೆ ಬಿರುಕು, ಆಮೇಲೆ ತೊಡೆಯ ಆಪರೇಷನ್. 2023, 2024 ಎರಡೂ ಐಪಿಎಲ್ ಹೋಯ್ತು. 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್. ಕಾದದ್ದಕ್ಕೆ ಫಲ ಸಿಕ್ತು. ಭಾರತ ತಂಡಕ್ಕೆ ಆಡಿ ಹೆಸರಾಗಿದ್ದವನಿಗೆ ಕಾದರು. ರಣಜಿಗೆ ಈಗಷ್ಟೇ ಕಾಲಿಟ್ಟ ಹುಡುಗನಿಗೆ? ಅಲ್ಲಿ ದುಡ್ಡು ದಿನದ ಲೆಕ್ಕ. 20 ಪಂದ್ಯದೊಳಗಿನ ಅನುಭವದವನಿಗೆ 2021-22ರಿಂದ ದಿನಕ್ಕೆ ₹40,000, ನಾಲ್ಕು ದಿನಕ್ಕೆ ₹1.6 ಲಕ್ಷ. ಚೆನ್ನಾಗಿದೆ, ಆಡಿದ್ರೆ. ಗಾಯಾಳು ಆಡಲ್ಲ.

ಐಪಿಎಲ್ ಕೂಡ ಅಷ್ಟೇ. ಉದ್ದದ ಗುತ್ತಿಗೆ ಅಂತ ಕಾಣುತ್ತೆ, ಆದರೆ ಪ್ರತಿ ವರ್ಷ ಕೈಬಿಡೋ ಹಕ್ಕು ತಂಡಕ್ಕೆ. ಹುಡುಗನಿಗೆ ಬಿಟ್ಟು ಹೋಗೋ ಹಕ್ಕು ಇಲ್ಲ.

4/4

ನನ್ನ ಅಭಿಪ್ರಾಯ ನೇರವಾಗಿ: ರಾಜ್ಯ ಸಂಸ್ಥೆ 23ರ ಒಳಗಿನ ಆಯ್ದ ವೇಗಿಗಳಿಗೆ ಮೂರು ವರ್ಷದ ಗುತ್ತಿಗೆ ಕೊಡಬೇಕು. ದೊಡ್ಡ ಮೊತ್ತ ಬೇಡ. ಆಡಲಿ ಬಿಡಲಿ ತಿಂಗಳಿಗೆ ಇಷ್ಟು, ಆಪರೇಷನ್ ಆದರೆ ಖರ್ಚು ಸಂಸ್ಥೆಯದು, ವಾರಕ್ಕೆ ಎಷ್ಟು ಓವರ್ ಅನ್ನೋದು ಬರಹದಲ್ಲಿ. ಮೂರು ವರ್ಷ ಆದಮೇಲೆ ಇರೋದೋ ಬಿಡೋದೋ ಹುಡುಗನೇ ಹೇಳಲಿ, ಸಂಸ್ಥೆ ಅಲ್ಲ.

"ದುಡ್ಡು ಗ್ಯಾರಂಟಿ ಆದ್ರೆ ಸೋಮಾರಿ ಆಗ್ತಾರೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ತೋಟದ ಕೆಲಸದೋರಿಗೆ ಪಿಎಫ್ ಕೊಡೋವಾಗಲೂ ಇದೇ ಮಾತು ಕೇಳಿದೀನಿ. ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನೋ ಹುಡುಗ ಮಾಡೋದು ಒಂದೇ: ನೋವು ಮುಚ್ಚಿಟ್ಕೊಂಡು ಬೌಲ್ ಮಾಡ್ತಾನೆ. ಅವನ ಭುಜ ಹೋಗೋದೇ ಅಲ್ಲಿ.

ಗಟ್ಟಿ ಆಕ್ಷೇಪ ಇನ್ನೊಂದಿದೆ. ಲಕ್ನೋ ತಂಡ ನಾಲ್ಕೇ ಪಂದ್ಯ ಆಡಿದ್ದ ಮಯಂಕ್ ಯಾದವ್‌ನ್ನ ₹11 ಕೋಟಿಗೆ ಉಳಿಸಿಕೊಂಡಿತು, 2025ರಲ್ಲಿ ಅವನು ಆಡಿದ್ದು ಎರಡೇ. ದುಡ್ಡು ನೀರಲ್ಲಿ ಹೋಗಲ್ವಾ? ಹೋಗಬಹುದು. ಹತ್ತು ಬಳ್ಳಿ ನೆಟ್ಟರೆ ಹತ್ತೂ ಉಳಿಯಲ್ಲ, ಅದಕ್ಕೆ ನೆಡೋದು ಬಿಟ್ಟಿದೀವಾ? ನಷ್ಟ ತಡ್ಕೊಳ್ಳೋ ಶಕ್ತಿ ಸಂಸ್ಥೆಗಿದೆ. ಲೈನ್ ಮನೆಯ ಸಂಸಾರಕ್ಕಿಲ್ಲ.

ದೊಡ್ಡೋರ ಮಾತು ಸಾಕು, ನಮ್ಮ ಲೀಗಿನದು ಹೇಳ್ತೀನಿ. ಆ ಹುಡುಗ ಈಗ ಪಿಕಪ್ ಓಡಿಸ್ತಾನೆ. ಕಳೆದ ತಿಂಗಳು ಮೈದಾನದ ಹತ್ರ ನಿಲ್ಲಿಸಿ ಎರಡು ಬಾಲ್ ಹಾಕಿದ, ಸ್ಪಿನ್. ನಕ್ಕ. ನನಗೆ ನಗು ಬರಲಿಲ್ಲ.

ಬರೋ ಭಾನುವಾರ ಓನರ್‌ಗಳ ಮೀಟಿಂಗ್. ಎರಡು ಸಾಲು ಬರ್ಕೊಂಡು ಹೋಗ್ತಿದೀನಿ: ಒಬ್ಬ ಬೌಲರ್‌ಗೆ ದಿನಕ್ಕೆ ಎರಡೇ ಮ್ಯಾಚ್; ನಮ್ಮ ಮೈದಾನದಲ್ಲಿ ಗಾಯ ಆದ್ರೆ ಸ್ಕ್ಯಾನಿಂಗ್ ದುಡ್ಡು ತಂಡದ್ದು, ಮುಂದಿನ ಸೀಸನ್ ಅವನ ಜಾಗ ಹಾಗೇ ಇರಬೇಕು. ನಿಮ್ಮೂರಿನ ಲೀಗಿನಲ್ಲಿ ಇಂಥ ನಿಯಮ ಏನಾದ್ರೂ ಇದ್ರೆ ಶನಿವಾರದೊಳಗೆ ಕಾಮೆಂಟ್‌ನಲ್ಲಿ ಹಾಕಿ, ಹಂಗೇ ಕಾಪಿ ಹೊಡೀತೀನಿ.

#ಸಕಲೇಶಪುರ #ಆಲೂರು #ಮಲೆನಾಡು #ಕ್ರಿಕೆಟ್